ಒಂದೇ ಗುರುತು, ಎರಡು ಡಿಸ್ಕು: ಕ್ಲೋನ್ ಆದ ಡಿಸ್ಕ್‌ಗಳನ್ನು ಫೈಲ್‌ಸಿಸ್ಟಮ್ ಹೇಗೆ ಜೋಡಿಸುತ್ತೆ?

ಎರಡು ಹಾರ್ಡ್ ಡಿಸ್ಕ್ ಸೇರಿಸಿ ಒಂದು ಫೈಲ್‌ಸಿಸ್ಟಮ್ ಮಾಡಿಟ್ಟಿದ್ದೀರಿ ಅಂದುಕೊಳ್ಳಿ. ಬ್ಯಾಕಪ್ ಇರಲಿ ಅಂತ ಎರಡನ್ನೂ ಡಿಡಿ ಕಮಾಂಡ್‌ನಲ್ಲಿ ಬೈಟ್‌ಗೆ ಬೈಟ್ ಕಾಪಿ ಮಾಡಿದಿರಿ. ಆಮೇಲೆ ಕಾಪಿ ಸರಿಯಾಗಿದೆಯಾ ನೋಡೋಣ ಅಂತ ನಾಲ್ಕೂ ಡಿಸ್ಕನ್ನು ಒಂದೇ ಮೆಷಿನ್‌ಗೆ ಸಿಕ್ಕಿಸಿ ಬೂಟ್ ಮಾಡಿದಿರಿ. ಈಗ ಪ್ರಶ್ನೆ: ಯಾವ ಎರಡು ಡಿಸ್ಕ್ ಸೇರಿ ಮೌಂಟ್ ಆಗುತ್ತೆ? ಅಸಲಿ ಎರಡಾ, ನಕಲಿ ಎರಡಾ, ಇಲ್ಲ ಅಸಲಿ ಒಂದು ನಕಲಿ ಒಂದಾ?

ಮೂರನೆಯದು ಆಗೋ ಸಾಧ್ಯತೆ ನಿಜವಾಗಿಯೂ ಇದೆ. ಹಾಗೆ ಆದರೆ ಕಳೆದುಹೋಗೋದು ಬರೀ ಅಸಲಿ ಡೇಟಾ ಅಲ್ಲ, ಬ್ಯಾಕಪ್ ಕೂಡ. ಬ್ಯಾಕಪ್ ತೆಗೆದುಕೊಂಡಿದ್ದೇ ಡೇಟಾ ಹಾಳಾಗೋಕೆ ಕಾರಣವಾಗೋ ವಿಚಿತ್ರ ಪರಿಸ್ಥಿತಿ ಇದು. ಫೈಲ್‌ಸಿಸ್ಟಮ್‌ಗಳು ಇದನ್ನು ಹೇಗೆ ನಿಭಾಯಿಸುತ್ತವೆ, ಎಲ್ಲಿ ಕೈಚೆಲ್ಲುತ್ತವೆ, ನಾವು ಏನು ಎಚ್ಚರ ವಹಿಸಬೇಕು ಅಂತ ಒಂದೊಂದಾಗಿ ನೋಡೋಣ. ಮುಖ್ಯ ಉದಾಹರಣೆಯಾಗಿ ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ತೆಗೆದುಕೊಳ್ಳುತ್ತೇನೆ. ಹಲವು ಡಿಸ್ಕ್‌ಗಳನ್ನು ಫೈಲ್‌ಸಿಸ್ಟಮ್ಮೇ ನೇರವಾಗಿ ಜೋಡಿಸುವ ಕಾರಣ ಅದರಲ್ಲಿ ಈ ಸಮಸ್ಯೆ ಸ್ಪಷ್ಟವಾಗಿ ಕಾಣುತ್ತೆ.

ಡಿಸ್ಕಿನ ಹೆಸರನ್ನು ಯಾಕೆ ನಂಬಬಾರದು?

ಲಿನಕ್ಸ್‌ನಲ್ಲಿ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಬರೋದು ಗೊತ್ತೇ ಇದೆ. ಈ ಹೆಸರು ಡಿಸ್ಕಿನದ್ದಲ್ಲ, ಕರ್ನೆಲ್‌ಗೆ ಅದು ಎಷ್ಟನೆಯದಾಗಿ ಕಂಡಿತು ಅನ್ನೋದರ ಲೆಕ್ಕ. ಮುಂದಿನ ಸಲ ಬೂಟ್ ಮಾಡಿದಾಗ ಎ ಹೋಗಿ ಬಿ ಆಗಬಹುದು. ಯುಎಸ್‌ಬಿ ಕೇಬಲ್ ಒಂದು ಕ್ಷಣ ಸಡಿಲವಾಗಿ ಮತ್ತೆ ಸಿಕ್ಕಿಕೊಂಡರೂ ಸಾಕು, ಅದೇ ಡಿಸ್ಕ್ ಹೊಸ ಹೆಸರಲ್ಲಿ ಬರುತ್ತೆ.

ಅದಕ್ಕೇ ಫೈಲ್‌ಸಿಸ್ಟಮ್‌ಗಳು ತಮ್ಮ ಗುರುತನ್ನು ಡಿಸ್ಕಿನ ಒಳಗೇ ಬರೆದಿಟ್ಟುಕೊಳ್ಳುತ್ತವೆ. ಆ ಗುರುತೇ ಯುಯುಐಡಿ, 128 ಬಿಟ್‌ಗಳ ಒಂದು ಸಂಖ್ಯೆ. ಸಾಮಾನ್ಯವಾಗಿ ಬಳಸುವ ನಾಲ್ಕನೇ ಆವೃತ್ತಿಯಲ್ಲಿ 122 ಬಿಟ್‌ಗಳು ರ‍್ಯಾಂಡಮ್ ಆಗಿರುತ್ತವೆ. ಆಕಸ್ಮಿಕವಾಗಿ ಎರಡು ಫೈಲ್‌ಸಿಸ್ಟಮ್‌ಗೆ ಒಂದೇ ಸಂಖ್ಯೆ ಬರೋದು ಅಂದರೆ ಆಗದ ಮಾತು ಅಂತಲೇ ಇಟ್ಟುಕೊಳ್ಳಬಹುದು. ಆದರೆ ಈ ಭರವಸೆ ಇರೋದು ಸಂಖ್ಯೆ ಹೊಸದಾಗಿ ಹುಟ್ಟುವಾಗ ಮಾತ್ರ. ಡಿಡಿ ಹೊಸ ಸಂಖ್ಯೆ ಹುಟ್ಟಿಸೋದಿಲ್ಲ, ಇದ್ದದ್ದನ್ನೇ ಜೆರಾಕ್ಸ್ ಮಾಡುತ್ತೆ. ಇಬ್ಬರು ಒಂದೇ ಹಾಲ್ ಟಿಕೆಟ್ ಹಿಡಿದುಕೊಂಡು ಪರೀಕ್ಷೆಗೆ ಬಂದ ಹಾಗೆ. ಟಿಕೆಟ್ ಎರಡೂ ಸರಿಯಾಗೇ ಇದೆ, ನಂಬರೂ ಸರಿಯಾಗೇ ಇದೆ. ಟಿಕೆಟ್ ಒಂದನ್ನೇ ನೋಡಿ ಅಸಲಿ ಯಾರು ಅಂತ ಹೇಳೋಕೆ ಆಗಲ್ಲ.

ಸೂಪರ್‌ಬ್ಲಾಕ್‌ನಲ್ಲಿ ಏನೇನಿರುತ್ತೆ?

ಬಿಟಿಆರ್‌ಎಫ್‌ಎಸ್ ತನ್ನ ಸೂಪರ್‌ಬ್ಲಾಕನ್ನು ಪ್ರತಿ ಡಿಸ್ಕಿನಲ್ಲೂ ಶುರುವಿನಿಂದ 64 ಕೆಐಬಿ ದೂರದಲ್ಲಿ ಬರೆಯುತ್ತೆ. ಡಿಸ್ಕ್ ಸಾಕಷ್ಟು ದೊಡ್ಡದಿದ್ದರೆ 64 ಎಂಐಬಿ ಮತ್ತು 256 ಜಿಐಬಿ ಜಾಗದಲ್ಲೂ ಅದರ ಪ್ರತಿ ಇರುತ್ತೆ. ನಮಗೆ ಬೇಕಾದ್ದು ಅದರೊಳಗಿನ ಐದು ಅಂಶ. ಇದನ್ನು ನಮ್ಮ ಪ್ರಾಜೆಕ್ಟ್ ಬ್ಯಾಚಿಗೆ ಹೋಲಿಸಿದರೆ ಸುಲಭ.

ಒಂದು, ಎಫ್‌ಎಸ್‌ಐಡಿ. ಇಡೀ ಗುಂಪಿನ ಗುರುತು, ಅಂದರೆ ಬ್ಯಾಚ್ ನಂಬರ್. ಗುಂಪಿನ ಎಲ್ಲ ಡಿಸ್ಕ್‌ಗಳಲ್ಲೂ ಒಂದೇ ಇರುತ್ತೆ.

ಎರಡು, ಡೆವ್‌ಐಡಿ. ಗುಂಪಿನೊಳಗೆ ಈ ಡಿಸ್ಕ್ ಎಷ್ಟನೆಯದು ಅನ್ನೋ ಚಿಕ್ಕ ಸಂಖ್ಯೆ. ಬ್ಯಾಚಿನ ಒಂದನೇ ಸದಸ್ಯ, ಎರಡನೇ ಸದಸ್ಯ ಅಂತೀವಲ್ಲ, ಹಾಗೆ.

ಮೂರು, ಡಿಸ್ಕಿನ ಸ್ವಂತ ಯುಯುಐಡಿ. ಇದು ಒಬ್ಬೊಬ್ಬರ ಯುಎಸ್‌ಎನ್ ಇದ್ದಂತೆ.

ನಾಲ್ಕು, ಒಟ್ಟು ಎಷ್ಟು ಡಿಸ್ಕ್ ಇರಬೇಕು ಅನ್ನೋ ಲೆಕ್ಕ. ಬ್ಯಾಚಿನಲ್ಲಿ ಎಷ್ಟು ಜನ ಅನ್ನೋದು.

ಐದು, ಜನರೇಶನ್. ಫೈಲ್‌ಸಿಸ್ಟಮ್ ಪ್ರತಿ ಸಲ ಬದಲಾವಣೆಗಳನ್ನು ಕಮಿಟ್ ಮಾಡಿದಾಗ ಒಂದೊಂದೇ ಏರುವ ಸಂಖ್ಯೆ. ಪ್ರಾಜೆಕ್ಟ್ ರಿಪೋರ್ಟಿನ ಎಷ್ಟನೇ ಡ್ರಾಫ್ಟ್ ಅನ್ನೋದಕ್ಕೆ ಸಮ.

ಡಿಸ್ಕ್ ಸಿಕ್ಕಿಸಿದ ತಕ್ಷಣ ಯುಡೆವ್ ಅದನ್ನು ಗಮನಿಸಿ, ಒಳಗೆ ಬಿಟಿಆರ್‌ಎಫ್‌ಎಸ್ ಇದ್ದರೆ ಕರ್ನೆಲ್‌ಗೆ ತಿಳಿಸುತ್ತೆ. ಕರ್ನೆಲ್ ಸೂಪರ್‌ಬ್ಲಾಕ್ ಓದಿ, ಎಫ್‌ಎಸ್‌ಐಡಿ ಪ್ರಕಾರ ಒಂದು ಪಟ್ಟಿಯಲ್ಲಿ ಆ ಡಿಸ್ಕನ್ನು ಸೇರಿಸುತ್ತೆ. ನೀವು ಮೌಂಟ್ ಮಾಡು ಅಂತ ಗುಂಪಿನ ಯಾವುದೋ ಒಂದು ಡಿಸ್ಕಿನ ಹೆಸರು ಕೊಟ್ಟರೆ ಸಾಕು, ಉಳಿದವನ್ನು ಈ ಪಟ್ಟಿಯಿಂದ ಅದೇ ಹುಡುಕಿಕೊಳ್ಳುತ್ತೆ. ಅನುಕೂಲ ಇರೋದೂ ಇಲ್ಲೇ, ಅಪಾಯ ಇರೋದೂ ಇಲ್ಲೇ. ನೀವು ಹೆಸರಿಸಿದ್ದು ಒಂದೇ ಡಿಸ್ಕು, ಜೊತೆಗಾರರನ್ನು ಆರಿಸಿದ್ದು ಮಾತ್ರ ಕರ್ನೆಲ್ಲು.

ನಕಲಿ ಬಂದಾಗ ಕರ್ನೆಲ್ ಏನು ಮಾಡುತ್ತೆ?

ಪಟ್ಟಿಯಲ್ಲಿ ಈಗಾಗಲೇ ಇರುವ ಡಿಸ್ಕಿನದ್ದೇ ಎಫ್‌ಎಸ್‌ಐಡಿ, ಡೆವ್‌ಐಡಿ, ಯುಯುಐಡಿ ಹೊತ್ತು ಇನ್ನೊಂದು ಡಿಸ್ಕ್ ಬೇರೆ ಹೆಸರಲ್ಲಿ ಬಂತು ಅಂದುಕೊಳ್ಳಿ. "ನಕಲಿ, ಹೊರಗೆ ಹಾಕು" ಅಂತ ಹೇಳಿಬಿಡೋಣ ಅನಿಸುತ್ತೆ ಅಲ್ವಾ? ಹಾಗೆ ಮಾಡೋಕಾಗಲ್ಲ. ಯಾಕೆಂದರೆ ಮೂರು ಬೇರೆ ಬೇರೆ ಸಂದರ್ಭಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅದೇ ಡಿಸ್ಕ್ ಹೆಸರು ಬದಲಿಸಿಕೊಂಡು ಮತ್ತೆ ಬಂದಿರಬಹುದು. ಡೇಟಾ ಸೆಂಟರುಗಳಲ್ಲಿ ಮಾಡುವ ಮಲ್ಟಿಪಾತ್ ವ್ಯವಸ್ಥೆಯಲ್ಲಿ ಒಂದೇ ಡಿಸ್ಕ್ ಎರಡು ಕೇಬಲ್ ದಾರಿಯಿಂದ ಎರಡು ಹೆಸರಲ್ಲಿ ಕಾಣುತ್ತಿರಬಹುದು. ಇಲ್ಲವೇ ನಿಜವಾಗಿಯೂ ಅದು ಕ್ಲೋನ್ ಆಗಿರಬಹುದು. ಮೊದಲ ಎರಡನ್ನು ಒಪ್ಪಬೇಕು, ಮೂರನೆಯದನ್ನು ತಡೆಯಬೇಕು.

ಬಿಟಿಆರ್‌ಎಫ್‌ಎಸ್ ಅನುಸರಿಸುವ ನಿಯಮ ಸುಮಾರಾಗಿ ಹೀಗಿದೆ. ಫೈಲ್‌ಸಿಸ್ಟಮ್ ಈಗಾಗಲೇ ಮೌಂಟ್ ಆಗಿದ್ದು, ಬಂದವನು ಬೇರೆಯೇ ಸಾಧನ ಅಂತ ಗೊತ್ತಾದರೆ, ಡೂಪ್ಲಿಕೇಟ್ ಡಿವೈಸ್ ಅಂತ ಕರ್ನೆಲ್ ಲಾಗ್‌ನಲ್ಲಿ ಎಚ್ಚರಿಕೆ ಬರೆದು ತಿರಸ್ಕರಿಸುತ್ತೆ. ಓಡುತ್ತಿರುವ ಫೈಲ್‌ಸಿಸ್ಟಮ್‌ನ ಕಾಲ ಕೆಳಗಿಂದ ಡಿಸ್ಕ್ ಬದಲಾಯಿಸೋದನ್ನು ಇದು ತಡೆಯುತ್ತೆ. ಇನ್ನೂ ಮೌಂಟ್ ಆಗಿಲ್ಲದಿದ್ದರೆ ಜನರೇಶನ್ ನೋಡುತ್ತೆ. ಯಾರದ್ದು ದೊಡ್ಡದೋ ಅವರಿಗೆ ಜಾಗ. ಎರಡೂ ಸಮ ಇದ್ದರೆ? ಕೊನೆಗೆ ಬಂದವನೇ ಗೆದ್ದ.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಈಗಷ್ಟೇ ಕಾಪಿ ಮಾಡಿದ ಡಿಸ್ಕಿನಲ್ಲಿ ಜನರೇಶನ್ ಸಮವೇ ಇರುತ್ತೆ. ನಾಲ್ಕು ಡಿಸ್ಕ್ ಸಿಕ್ಕಿಸಿ ಬೂಟ್ ಮಾಡಿದಾಗ ಒಂದನೇ ಸ್ಥಾನಕ್ಕೆ ಅಸಲಿ, ಎರಡನೇ ಸ್ಥಾನಕ್ಕೆ ನಕಲಿ ಬಂದು ಕೂರೋದಕ್ಕೆ ಬೇರೇನೂ ಬೇಡ, ಡಿಸ್ಕ್‌ಗಳು ಕಂಡ ಕ್ರಮ ಸ್ವಲ್ಪ ಹಿಂದುಮುಂದಾದರೆ ಸಾಕು. ಲೆಕ್ಕ ಹಾಕಿ ನೋಡಿ: ಎರಡು ಡಿಸ್ಕಿನ ಗುಂಪಿಗೆ ಒಂದೊಂದು ನಕಲಿ ಇದ್ದರೆ 4 ಜೋಡಣೆ ಸಾಧ್ಯ, ಸರಿಯಾದದ್ದು 2. ನಾಲ್ಕು ಡಿಸ್ಕಾದರೆ 16, ಎಂಟಾದರೆ 256. ಸರಿಯಾದದ್ದು ಆಗಲೂ ಎರಡೇ.

ಕಲಬೆರಕೆ ಆದರೆ ಏನಾಗುತ್ತೆ?

ರೈಡ್-1 ತೆಗೆದುಕೊಳ್ಳೋಣ. ಪ್ರತಿ ಬ್ಲಾಕ್‌ಗೂ ಎರಡು ಡಿಸ್ಕಿನಲ್ಲಿ ಒಂದೊಂದು ಪ್ರತಿ ಇರಬೇಕು. ಕಾಪಿ ಮಾಡಿದ ಕ್ಷಣದಲ್ಲಿ ಕಲಬೆರಕೆ ಆದರೂ ಮೇಲ್ನೋಟಕ್ಕೆ ಏನೂ ತೊಂದರೆ ಕಾಣಲ್ಲ, ಎಲ್ಲ ಒಂದೇ ತಾನೇ. ಆದರೆ ಆ ಮೌಂಟ್‌ನಲ್ಲಿ ಬರೆದದ್ದೆಲ್ಲ ಅಸಲಿ ಜೋಡಿಯ ಒಂದಕ್ಕೆ ಮತ್ತು ನಕಲಿ ಜೋಡಿಯ ಒಂದಕ್ಕೆ ಹೋಗುತ್ತೆ. ಉಳಿದ ಎರಡು ಹಳೆಯ ಸ್ಥಿತಿಯಲ್ಲೇ ನಿಲ್ಲುತ್ತವೆ. ಆಮೇಲೆ ನೀವು ನಕಲಿ ಎರಡನ್ನು ಬಿಚ್ಚಿ ಬೀರುವಿನಲ್ಲಿಟ್ಟರೆ, ಬೀರುವಿನಲ್ಲಿರೋದು ಅರ್ಧ ಹಳೆಯ ಅರ್ಧ ಹೊಸ ಜೋಡಿ. ಮೆಷಿನ್‌ನಲ್ಲಿ ಉಳಿದಿರೋದೂ ಅದೇ.

ಅಂಥ ಜೋಡಿಯನ್ನು ಮೌಂಟ್ ಮಾಡಿದರೆ ಏನು ಕಾಣುತ್ತೆ ಅನ್ನೋದು ಇನ್ನೂ ವಿಚಿತ್ರ. ರೈಡ್-1ರಲ್ಲಿ ಬಿಟಿಆರ್‌ಎಫ್‌ಎಸ್ ಯಾವ ಪ್ರತಿಯಿಂದ ಓದಬೇಕು ಅನ್ನೋದನ್ನು ಡೀಫಾಲ್ಟ್ ಆಗಿ ಓದುತ್ತಿರುವ ಪ್ರೋಸೆಸ್‌ನ ಐಡಿ ಸಂಖ್ಯೆ ನೋಡಿ ನಿರ್ಧರಿಸುತ್ತೆ. ಅಂದರೆ ಒಂದು ಪ್ರೋಗ್ರಾಮ್ ಹೊಸ ಡಿಸ್ಕಿನತ್ತ, ಇನ್ನೊಂದು ಹಳೆಯದರತ್ತ ಹೋಗಬಹುದು.

ಇಲ್ಲಿ ಕಾಪಾಡೋಕೆ ಎರಡು ತಪಾಸಣೆಗಳಿವೆ. ಮೆಟಾಡೇಟಾ ಒಂದು ಮರದ ರಚನೆಯಲ್ಲಿರುತ್ತೆ. ಪ್ರತಿ ತಾಯಿ ಬ್ಲಾಕ್ ತನ್ನ ಮಗುವಿನ ವಿಳಾಸದ ಜೊತೆಗೆ ಅದು ಯಾವ ಜನರೇಶನ್‌ನದ್ದಾಗಿರಬೇಕು ಅಂತಲೂ ಬರೆದಿಟ್ಟಿರುತ್ತೆ. ಓದಿದ ಬ್ಲಾಕ್‌ನ ಜನರೇಶನ್ ಬೇರೆ ಇದ್ದರೆ ಹಳೆಯ ಬ್ಲಾಕ್ ಸಿಕ್ಕಿತು ಅಂತ ಗೊತ್ತಾಗುತ್ತೆ. ಫೈಲಿನ ಡೇಟಾಗೆ ಚೆಕ್‌ಸಮ್ ಬೇರೆ ಮರದಲ್ಲಿರುತ್ತೆ. ಅದು ತಾಳೆಯಾಗದಿದ್ದರೆ ಇನ್ನೊಂದು ಪ್ರತಿಯಿಂದ ಓದಿ, ತಪ್ಪಾಗಿರೋದರ ಮೇಲೆ ಸರಿಯಾದದ್ದನ್ನು ಬರೆದು ರಿಪೇರಿ ಮಾಡುತ್ತೆ.

ಒಳ್ಳೆಯದೇ ಅಲ್ವಾ? ಸಾಮಾನ್ಯ ದಿನಗಳಲ್ಲಿ ಹೌದು. ಕಲಬೆರಕೆಯಲ್ಲಿ ಮಾತ್ರ ಆ ರಿಪೇರಿಯೇ ಅಪಾಯ. "ತಪ್ಪಾಗಿರೋದು" ಅಂತ ಅದು ತಿದ್ದಿದ್ದು ನಿಮ್ಮ ಬ್ಯಾಕಪ್ಪಿನ ಹಳೆಯ, ಸರಿಯಾದ ಡೇಟಾ ಆಗಿರಬಹುದು.

ಇನ್ನೂ ಒಂದು ಸೂಕ್ಷ್ಮ ಇದೆ. ಜನರೇಶನ್ ಅನ್ನೋದು ಬರೀ ಎಣಿಕೆ, ಗುರುತಲ್ಲ. ಕಾಪಿ ಮಾಡಿದಾಗ 500 ಇತ್ತು ಅಂದುಕೊಳ್ಳಿ. ಅಸಲಿ ಜೋಡಿ ನಿಮ್ಮ ಮೆಷಿನ್‌ನಲ್ಲಿ ಓಡಿ 512ಕ್ಕೆ ಹೋಯಿತು. ನಕಲಿ ಜೋಡಿ ಗೆಳೆಯನ ಮೆಷಿನ್‌ನಲ್ಲಿ ಬೇರೆಯೇ ಕೆಲಸ ಮಾಡಿ ಅದೂ 512ಕ್ಕೆ ಹೋಯಿತು. ಈಗ ಎರಡೂ ಕಡೆ 512ನೇ ಡ್ರಾಫ್ಟ್, ಒಳಗಿನ ಬರಹ ಬೇರೆ ಬೇರೆ. ಮೆಟಾಡೇಟಾ ಬ್ಲಾಕ್‌ನ ಚೆಕ್‌ಸಮ್ ಆ ಬ್ಲಾಕ್‌ನೊಳಗೇ ಇರೋದರಿಂದ ಅದೂ ತಾಳೆಯಾಗುತ್ತೆ. ಜನರೇಶನ್ ತಪಾಸಣೆಯೂ ಕೆಲವು ಬ್ಲಾಕ್‌ಗಳಲ್ಲಿ ಪಾಸ್ ಆಗಿಬಿಡಬಹುದು. ಇದನ್ನೇ ಸ್ಪ್ಲಿಟ್ ಬ್ರೇನ್ ಅನ್ನೋದು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದಿದವರಿಗೆ ಇದು ಹಳೆಯ ಪರಿಚಯ: ಇಬ್ಬರೂ ಒಂದೇ ಎಣಿಕೆಯನ್ನು ಸ್ವತಂತ್ರವಾಗಿ ಏರಿಸಿದರೆ, ಆ ಎಣಿಕೆಯಿಂದ ಯಾರು ಮುಂದೆ ಅಂತ ತೀರ್ಮಾನಿಸೋಕೆ ಆಗಲ್ಲ.

ಬೇರೆಯವರು ಏನು ಮಾಡಿದ್ದಾರೆ?

ಲಿನಕ್ಸ್‌ನ ಎಂಡಿ ರೈಡ್‌ನಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಅರೇಗೆ ಒಂದು ಯುಯುಐಡಿ, ಪ್ರತಿ ಡಿಸ್ಕಿಗೆ ಒಂದು ಯುಯುಐಡಿ, ಜೊತೆಗೆ ಈವೆಂಟ್ ಕೌಂಟ್ ಅನ್ನೋ ಎಣಿಕೆ. ಎಣಿಕೆಯಲ್ಲಿ ಹಿಂದೆ ಬಿದ್ದ ಡಿಸ್ಕನ್ನು ಹಳತು ಅಂತ ಜೋಡಣೆಯಿಂದ ಬಿಡುತ್ತೆ. ಆದರೆ ಡೇಟಾಗೆ ಚೆಕ್‌ಸಮ್ ಇರಲ್ಲ. ಹಾಗಾಗಿ ತಪ್ಪು ಜೋಡಣೆ ಒಮ್ಮೆ ದಾಟಿಬಿಟ್ಟರೆ ಹಿಡಿಯೋರು ಯಾರೂ ಇಲ್ಲ.

ಎಕ್ಸ್‌ಎಫ್‌ಎಸ್ ಕಟ್ಟುನಿಟ್ಟು. ಮೌಂಟ್ ಆಗಿರುವ ಫೈಲ್‌ಸಿಸ್ಟಮ್‌ನ ಯುಯುಐಡಿಯನ್ನೇ ಹೊತ್ತು ಇನ್ನೊಂದು ಬಂದರೆ ಮೌಂಟ್ ಮಾಡೋಕೇ ಒಪ್ಪಲ್ಲ. ನೋಯುಯುಐಡಿ ಅನ್ನೋ ಆಯ್ಕೆ ಕೊಟ್ಟರೆ ಆ ತಪಾಸಣೆಯನ್ನು ಬಿಟ್ಟುಬಿಡುತ್ತೆ. ಜರ್ನಲ್ ಲಾಗ್ ಬೇರೆ ಡಿಸ್ಕಿನಲ್ಲಿದ್ದರೆ, ಆ ಲಾಗ್‌ನೊಳಗಿನ ಯುಯುಐಡಿಯನ್ನೂ ತಾಳೆ ನೋಡುತ್ತೆ.

ಎಲ್‌ವಿಎಂನಲ್ಲಿ ಗುಂಪಿನ ಮೆಟಾಡೇಟಾದೊಳಗೆ ಎಲ್ಲ ಸದಸ್ಯ ಡಿಸ್ಕ್‌ಗಳ ಯುಯುಐಡಿ ಪಟ್ಟಿಯೇ ಇರುತ್ತೆ. ನಕಲಿ ಕಂಡರೆ ಎಚ್ಚರಿಕೆ ಕೊಟ್ಟು, ಗೊಂದಲ ಬಗೆಹರಿಯೋ ತನಕ ಆ ಗುಂಪಿನಲ್ಲಿ ಬದಲಾವಣೆಗೆ ಒಪ್ಪಲ್ಲ. ವಿಜಿ-ಇಂಪೋರ್ಟ್-ಕ್ಲೋನ್ ಅನ್ನೋ ಪ್ರತ್ಯೇಕ ಕಮಾಂಡೇ ಇದೆ. ಅದಕ್ಕೆ ನಕಲಿ ಡಿಸ್ಕ್‌ಗಳ ಹೆಸರನ್ನು ನೀವೇ ಪಟ್ಟಿ ಮಾಡಿ ಕೊಡಬೇಕು. ಅದು ಗುಂಪಿನ ಹೆಸರು, ಗುಂಪಿನ ಯುಯುಐಡಿ, ಡಿಸ್ಕ್‌ಗಳ ಯುಯುಐಡಿ ಮೂರನ್ನೂ ಬದಲಿಸುತ್ತೆ. ಹೊಸ ಆವೃತ್ತಿಗಳಲ್ಲಿ ಡಿವೈಸಸ್ ಫೈಲ್ ಅನ್ನೋದೂ ಬಂದಿದೆ: ಯಾವ ಡಿಸ್ಕ್ ತನ್ನದು ಅನ್ನೋದನ್ನು ಹಾರ್ಡ್‌ವೇರ್ ಸೀರಿಯಲ್ ಅಥವಾ ಡಬ್ಲ್ಯುಡಬ್ಲ್ಯುಐಡಿ ಜೊತೆಗೆ ಬರೆದಿಟ್ಟುಕೊಳ್ಳೋದು. ಡಿಡಿ ಎಷ್ಟೇ ಕಾಪಿ ಮಾಡಿದರೂ ಡಿಸ್ಕಿನ ಸೀರಿಯಲ್ ನಂಬರ್ ಕಾಪಿ ಆಗಲ್ಲ. ಹಾಲ್ ಟಿಕೆಟ್ ಬಿಟ್ಟು ಬೆರಳಚ್ಚು ನೋಡಿದ ಹಾಗೆ. ಕೊರತೆ ಏನೆಂದರೆ ಕೆಲವು ವರ್ಚುವಲ್ ಡಿಸ್ಕ್‌ಗಳಿಗೆ ಸೀರಿಯಲ್ ಇರೋದೇ ಇಲ್ಲ.

ಝಡ್‌ಎಫ್‌ಎಸ್ ಪ್ರತಿ ಡಿಸ್ಕಿನಲ್ಲೂ ನಾಲ್ಕು ಲೇಬಲ್ ಇಡುತ್ತೆ, ಎರಡು ಮೊದಲಲ್ಲಿ, ಎರಡು ಕೊನೆಯಲ್ಲಿ, ಒಂದೊಂದು 256 ಕೆಐಬಿ. ಅದರಲ್ಲಿ ಪೂಲ್‌ನ ಗುರುತು, ಜೋಡಣೆಯ ನಕ್ಷೆ, ಕೊನೆಗೆ ಬಳಸಿದ ಮೆಷಿನ್‌ನ ಐಡಿ ಎಲ್ಲ ಇರುತ್ತೆ. ಜೊತೆಗೆ ಎಲ್ಲ ಸದಸ್ಯರ ಗುರುತುಗಳನ್ನು ಕೂಡಿದ ಮೊತ್ತವನ್ನೂ ಬರೆದಿಡುತ್ತೆ. ಯಾರಾದರೂ ಬಿಟ್ಟುಹೋಗಿದ್ದರೆ ಮೊತ್ತ ತಾಳೆಯಾಗಲ್ಲ. ಆದರೆ ನಕಲಿಯ ಗುರುತೂ ಅಷ್ಟೇ ಇರೋದರಿಂದ ಈ ಮೊತ್ತ ನಕಲಿಯನ್ನು ಹಿಡಿಯಲ್ಲ. ಅದಕ್ಕೆ ಬೇರೆ ತಡೆ ಇದೆ: ಅದೇ ಗುರುತಿನ ಪೂಲ್ ತೆರೆದಿದ್ದರೆ ಎರಡನೆಯದನ್ನು ಇಂಪೋರ್ಟ್ ಮಾಡಲ್ಲ.

ಒಂದೇ ಡಿಸ್ಕಾದರೆ ಸುಲಭ, ಯಾಕೆ?

2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಲ್ಲಿ ಬಿಟಿಆರ್‌ಎಫ್‌ಎಸ್‌ಗೆ ಟೆಂಪ್-ಎಫ್‌ಎಸ್‌ಐಡಿ ಅನ್ನೋ ಸೌಲಭ್ಯ ಸೇರಿತು. ಇದರ ಹಿಂದಿನ ಒತ್ತಾಯಗಳಲ್ಲಿ ಒಂದು ಸ್ಟೀಮ್ ಡೆಕ್ ಗೇಮಿಂಗ್ ಸಾಧನದ್ದು. ಅದರಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ಎ ಮತ್ತು ಬಿ ಅಂತ ಎರಡು ಪಾರ್ಟಿಶನ್ ಇರುತ್ತವೆ. ಅಪ್‌ಡೇಟ್ ಕೆಟ್ಟರೆ ಇನ್ನೊಂದರಿಂದ ಬೂಟ್ ಮಾಡಬಹುದು. ಎರಡರಲ್ಲೂ ಒಂದೇ ಇಮೇಜ್ ಇದ್ದಾಗ ಯುಯುಐಡಿ ಒಂದೇ ಆಗಿಬಿಡುತ್ತೆ, ಎರಡನ್ನೂ ಒಟ್ಟಿಗೆ ಮೌಂಟ್ ಮಾಡೋಕೆ ಆಗುತ್ತಿರಲಿಲ್ಲ. ಈಗ ಕರ್ನೆಲ್ ಎರಡನೆಯದಕ್ಕೆ ಮೆಮೊರಿಯಲ್ಲಿ ಮಾತ್ರ ಒಂದು ತಾತ್ಕಾಲಿಕ ಎಫ್‌ಎಸ್‌ಐಡಿ ಕೊಟ್ಟು ಮೌಂಟ್ ಮಾಡುತ್ತೆ. ಡಿಸ್ಕಿನ ಮೇಲೆ ಏನೂ ಬದಲಾಗಲ್ಲ.

ಆದರೆ ಈ ಸೌಲಭ್ಯ ಒಂದೇ ಡಿಸ್ಕಿನ ಫೈಲ್‌ಸಿಸ್ಟಮ್‌ಗೆ ಮಾತ್ರ. ಕಾರಣ ಈಗ ನಿಮಗೇ ಹೊಳೆದಿರಬೇಕು. ಒಂಟಿ ಡಿಸ್ಕಿಗೆ ಜೊತೆಗಾರರನ್ನು ಹುಡುಕೋ ಕೆಲಸವೇ ಇಲ್ಲ, ನೀವು ಹೆಸರಿಸಿದ ಡಿಸ್ಕೇ ಪೂರ್ತಿ ಉತ್ತರ. ಎರಡು ಡಿಸ್ಕಿನ ನಕಲಿಗೆ ತಾತ್ಕಾಲಿಕ ಗುರುತು ಕೊಡಬೇಕಾದರೆ, ಮೊದಲು "ಈ ನಕಲಿಯ ಜೊತೆಗಾರ ಯಾರು" ಅಂತ ಗೊತ್ತಿರಬೇಕು. ಆ ಮಾಹಿತಿ ಡಿಸ್ಕಿನೊಳಗೆ ಎಲ್ಲೂ ಇಲ್ಲ. ಇಲ್ಲದ ಮಾಹಿತಿಯನ್ನು ಯಾವ ಅಲ್ಗಾರಿದಮ್ಮೂ ಹುಟ್ಟಿಸಲ್ಲ. ಅದನ್ನು ಹೊರಗಿನಿಂದ ಕೊಡಬೇಕಾದವರು ನಾವೇ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದು, ಎಲ್ಲ ಡಿಸ್ಕ್‌ಗಳ ನಕಲು ಒಂದೇ ಕ್ಷಣದ್ದಾಗಿರಬೇಕು. ಅನ್‌ಮೌಂಟ್ ಮಾಡಿ ಕಾಪಿ ಮಾಡೋದು ಅತ್ಯಂತ ಸುರಕ್ಷಿತ. ಓಡುತ್ತಿರುವಾಗಲೇ ಮೊದಲ ಡಿಸ್ಕನ್ನು ಹತ್ತಕ್ಕೆ, ಎರಡನೆಯದನ್ನು ಹನ್ನೊಂದಕ್ಕೆ ಕಾಪಿ ಮಾಡಿದರೆ ನಕಲಿ ಜೋಡಿ ಹುಟ್ಟುವಾಗಲೇ ಕಲಬೆರಕೆ. ಕ್ಲೌಡ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವಾಗಲೂ ಒಂದು ಸರ್ವರಿನ ಎಲ್ಲ ಡಿಸ್ಕ್‌ಗಳನ್ನು ಒಟ್ಟಿಗೆ ತೆಗೆಯೋ ಆಯ್ಕೆಯನ್ನೇ ಬಳಸಿ.

ಎರಡನೆಯದು, ಅಸಲಿ ಮತ್ತು ನಕಲಿ ಒಂದೇ ಕರ್ನೆಲ್‌ಗೆ ಕಾಣದಂತೆ ನೋಡಿಕೊಳ್ಳಿ. ನಕಲಿಯನ್ನು ಬೇರೆ ಮೆಷಿನ್‌ಗೋ ವರ್ಚುವಲ್ ಮೆಷಿನ್‌ಗೋ ಕೊಡಿ. ಎಲ್‌ವಿಎಂ ಸ್ನ್ಯಾಪ್‌ಶಾಟ್ ತೆಗೆದರೂ ಅದೊಂದು ಹೊಸ ಸಾಧನವಾಗಿ ತಕ್ಷಣ ಕಾಣಿಸಿಕೊಳ್ಳುತ್ತೆ ಅನ್ನೋದು ನೆನಪಿರಲಿ.

ಮೂರನೆಯದು, ಎರಡೂ ಒಟ್ಟಿಗೆ ಬೇಕೇಬೇಕು ಅಂದರೆ ನಕಲಿಯ ಗುರುತು ಬದಲಿಸಿ. ಬಿಟಿಆರ್‌ಎಫ್‌ಎಸ್‌ನಲ್ಲಿ ಇದಕ್ಕೆ ಬಿಟಿಆರ್‌ಎಫ್‌ಎಸ್-ಟ್ಯೂನ್ ಇದೆ. ಸಣ್ಣ ಯು ಆಯ್ಕೆ ಕೊಟ್ಟರೆ ಪ್ರತಿ ಮೆಟಾಡೇಟಾ ಬ್ಲಾಕನ್ನೂ ತಿದ್ದಿ ಬರೆಯುತ್ತೆ, ಯಾಕೆಂದರೆ ಪ್ರತಿ ಬ್ಲಾಕ್‌ನ ತಲೆಬರಹದಲ್ಲೂ ಎಫ್‌ಎಸ್‌ಐಡಿ ಇರುತ್ತೆ. ದೊಡ್ಡ ಡಿಸ್ಕಾದರೆ ತುಂಬಾ ಹೊತ್ತು ಹಿಡಿಯುತ್ತೆ. ಲಿನಕ್ಸ್ 5.0ರಿಂದ ಸಣ್ಣ ಎಂ ಆಯ್ಕೆಯೂ ಬಳಕೆಗೆ ಬಂದಿದೆ. ಇದು ಹಳೆಯ ಗುರುತನ್ನು ಮೆಟಾಡೇಟಾ ಯುಯುಐಡಿ ಅಂತ ಪಕ್ಕಕ್ಕೆ ಬರೆದಿಟ್ಟು, ಸೂಪರ್‌ಬ್ಲಾಕ್‌ನಲ್ಲಿ ಮಾತ್ರ ಹೊಸದನ್ನು ಹಾಕುತ್ತೆ, ಕ್ಷಣದಲ್ಲಿ ಮುಗಿಯುತ್ತೆ.

ಇಲ್ಲಿ ಒಂದು ಬಲೆ ಇದೆ. ಈ ಟೂಲಿಗೂ ನೀವು ಕೊಡೋದು ಒಂದೇ ಡಿಸ್ಕಿನ ಹೆಸರು, ಜೊತೆಗಾರನನ್ನು ಅದೂ ಎಫ್‌ಎಸ್‌ಐಡಿ ನೋಡಿಯೇ ಹುಡುಕುತ್ತೆ. ಅಸಲಿ ಡಿಸ್ಕ್‌ಗಳು ಸಿಕ್ಕಿಸಿದ್ದಾಗಲೇ ಇದನ್ನು ಓಡಿಸಿದರೆ ನಕಲಿ ಒಂದು, ಅಸಲಿ ಒಂದು ತೆಗೆದುಕೊಂಡು ಗುರುತು ಬದಲಿಸಿಬಿಡಬಹುದು. ಆದ್ದರಿಂದ ಅಸಲಿಯನ್ನು ಬಿಚ್ಚಿ, ನಕಲಿಗಳನ್ನಷ್ಟೇ ಪೂರ್ತಿಯಾಗಿ ಸಿಕ್ಕಿಸಿ, ಆಮೇಲೆ ಓಡಿಸಿ. ಮಧ್ಯೆ ಕರೆಂಟ್ ಹೋಗದ ಹಾಗೂ ನೋಡಿಕೊಳ್ಳಿ.

ನಾಲ್ಕನೆಯದು, ಹೆಸರನ್ನಲ್ಲ, ಸೀರಿಯಲ್ ನೋಡಿ. ಡೆವ್ ಡೈರೆಕ್ಟರಿಯ ಡಿಸ್ಕ್ ಫೋಲ್ಡರಿನಲ್ಲಿ ಬೈ-ಐಡಿ ಅಂತ ಒಂದಿದೆ, ಅಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಹೆಸರುಗಳಿರುತ್ತವೆ. ಪಕ್ಕದ ಬೈ-ಯುಯುಐಡಿಯಲ್ಲಿ ಒಂದು ಗುರುತಿಗೆ ಒಂದೇ ಕೊಂಡಿ ಇರೋಕೆ ಸಾಧ್ಯ, ನಕಲಿ ಇದ್ದಾಗ ಅದು ಯಾರನ್ನು ತೋರಿಸುತ್ತೆ ಅನ್ನೋದನ್ನು ನಂಬಬೇಡಿ. ಡಿಸ್ಕಿನ ಮೇಲೆ ಮಾರ್ಕರಿನಲ್ಲಿ ಅಸಲಿ 1, ನಕಲಿ 1 ಅಂತ ಬರೆದು ಅಂಟಿಸೋದು ತಮಾಷೆಯಲ್ಲ, ಅದೇ ಆ ಇಲ್ಲದ ಮಾಹಿತಿ.

ಐದನೆಯದು, ನಿಜಕ್ಕೂ ಡಿಡಿ ಬೇಕಾ ಅಂತ ಕೇಳಿಕೊಳ್ಳಿ. ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್ ಎರಡರಲ್ಲೂ ಸೆಂಡ್, ರಿಸೀವ್ ಸೌಲಭ್ಯ ಇದೆ. ಬೇರೆ ಗುರುತಿರುವ ಬೇರೆ ಫೈಲ್‌ಸಿಸ್ಟಮ್‌ಗೆ ಡೇಟಾ ಮಾತ್ರ ಹೋಗುತ್ತೆ. ಅವಳಿಗಳು ಹುಟ್ಟೋದೇ ಇಲ್ಲ.

ನೀವೇ ಮಾಡಿ ನೋಡಿ

ಇದಕ್ಕೆ ನಿಜವಾದ ಡಿಸ್ಕ್ ಬೇಕಿಲ್ಲ. ಒಂದು ವರ್ಚುವಲ್ ಮೆಷಿನ್‌ನಲ್ಲಿ ತಲಾ 1 ಜಿಬಿಯ ಎರಡು ಖಾಲಿ ಫೈಲ್ ಮಾಡಿ, ಲೂಪ್ ಡಿವೈಸ್ ಆಗಿ ಸಿಕ್ಕಿಸಿ, ಎರಡನ್ನೂ ಸೇರಿಸಿ ರೈಡ್-1 ಬಿಟಿಆರ್‌ಎಫ್‌ಎಸ್ ಫಾರ್ಮ್ಯಾಟ್ ಮಾಡಿ. ಒಂದು ಫೈಲ್ ಬರೆದು ಅನ್‌ಮೌಂಟ್ ಮಾಡಿ, ಎರಡೂ ಫೈಲುಗಳನ್ನು ಕಾಪಿ ಮಾಡಿ. ಈಗ ನಾಲ್ಕನ್ನೂ ಸಿಕ್ಕಿಸಿ ಮೌಂಟ್ ಮಾಡಿ, ಯಾವ ಲೂಪ್ ಡಿವೈಸ್‌ಗಳು ಸೇರಿಕೊಂಡವು ನೋಡಿ, ಕರ್ನೆಲ್ ಲಾಗ್ ಓದಿ. ಸಿಕ್ಕಿಸುವ ಕ್ರಮ ಬದಲಿಸಿ ಮತ್ತೆ ನೋಡಿ. ಆಮೇಲೆ ಆ ನಾಲ್ಕನ್ನು ಎಸೆದು, ಹೊಸದಾಗಿ ಮೊದಲಿನಿಂದ ಮಾಡಿ: ಈ ಸಲ ಅಸಲಿ ಬಿಚ್ಚಿ, ನಕಲಿಗಳ ಗುರುತು ಬದಲಿಸಿ, ನಂತರ ನಾಲ್ಕನ್ನೂ ಸಿಕ್ಕಿಸಿ. ಎರಡು ಬೇರೆ ಬೇರೆ ಫೈಲ್‌ಸಿಸ್ಟಮ್, ತಲಾ ಎರಡು ಡಿಸ್ಕ್ ಕಾಣಬೇಕು. ಒಂದು ಸಂಜೆ ಸಾಕು.

ಕೊನೆಗೆ ಒಂದು ಮಾತು. ನಮ್ಮ ಸಿಲಬಸ್‌ನಲ್ಲಿ ಗುರುತು ಅನ್ನೋದನ್ನು ಪ್ರೈಮರಿ ಕೀ ಅಂತ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಒಂದು ವಸ್ತುವಿನ ಗುರುತು ಆ ವಸ್ತುವಿನೊಳಗೇ ಬರೆದಿದ್ದರೆ, ವಸ್ತುವನ್ನು ಕಾಪಿ ಮಾಡಿದವರು ಗುರುತನ್ನೂ ಕಾಪಿ ಮಾಡಿರುತ್ತಾರೆ. ವರ್ಚುವಲ್ ಮೆಷಿನ್ ಕ್ಲೋನ್ ಮಾಡಿದಾಗ ಅದರೊಳಗಿನ ಎಸ್‌ಎಸ್‌ಎಚ್ ಕೀ, ಮೆಷಿನ್ ಐಡಿ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತೆ. ಮುಂದೆ ನೀವೇ ಏನಾದರೂ ಡಿಸೈನ್ ಮಾಡುವಾಗ "ಇದನ್ನು ಯಾರಾದರೂ ಪೂರ್ತಿ ಕಾಪಿ ಮಾಡಿದರೆ ಏನಾಗುತ್ತೆ" ಅಂತ ಒಮ್ಮೆ ಕೇಳಿಕೊಳ್ಳಿ. ಉತ್ತರ ಗೊತ್ತಾಗದ ಕಡೆ ನಿಮ್ಮ ಪ್ರೋಗ್ರಾಮ್ ಊಹೆ ಮಾಡದೆ ನಿಂತು, ಬಳಸುವವರನ್ನು ಕೇಳಲಿ.